ತಾಯ್ನುಡಿಯ ಕಲಂ

‘ನೀವು ಯಾರ ಪೈಕಿ?’ ಎಂದು ನಮ್ಮ ಲೋಹಾರಾದಲ್ಲಿ ಕೇಳಿ ನೋಡಿ. ಕೇಳುವವನ ಮುಖ ನೋಡಿಕೊಂಡು ಉತ್ತರ ಬರುತ್ತದೆ. ತಹಸೀಲು ಕಚೇರಿಯವರಿಗೆ ಮರಾಠಿ, ಬಸವಕಲ್ಯಾಣದ ಬೀಗರಿಗೆ ಕನ್ನಡ, ಮಠದಲ್ಲಿ ಲಿಂಗಾಯತ. ನಮ್ಮ ಬ್ಯಾಂಕಿನ ಕೌಂಟರಿನಲ್ಲಿ ಮರಾಠಿಯಲ್ಲೇ ಚೀಟಿ ಬರೆಸಿ, ಮರಾಠಿಯಲ್ಲೇ ಜಗಳವಾಡುವ ಮುದುಕಿ ನೋಟು ಎಣಿಸುವಾಗ ಮಾತ್ರ ‘ಒಂದ, ಎರಡ, ಮೂರ’ ಎನ್ನುತ್ತಾಳೆ. ಇದು ಅಪ್ರಾಮಾಣಿಕತೆ, ಅಂಜುಬುರುಕತನ ಎಂದು ಗಡಿಯಾಚೆಯ ಗೆಳೆಯರು ಹೇಳುವುದುಂಟು. ನನಗೆ ಹಾಗನ್ನಿಸುವುದಿಲ್ಲ. ಒಬ್ಬ ಮನುಷ್ಯನಿಗೆ ಒಂದೇ ಉತ್ತರವಿರಬೇಕೆಂಬ ಹಟ ಪ್ರಶ್ನೆಯಲ್ಲಿದೆ.

1956ರ ನವೆಂಬರ್ 1ರಂದು ಹೈದರಾಬಾದು ರಾಜ್ಯ ಒಡೆದಾಗ ಬೀದರ ಜಿಲ್ಲೆಯ ಉದಗೀರ, ನಿಲಂಗಾ ಮುಂಬಯಿ ರಾಜ್ಯಕ್ಕೆ ಬಂದವು. ಭಾಲ್ಕಿ, ಹುಮನಾಬಾದು ಮೈಸೂರಿಗೆ ಹೋದವು. ಹೆಣ್ಣು ಕೊಟ್ಟು ತರುವುದು ನಿಲ್ಲಲಿಲ್ಲ. ಪಾಟೀಲರು ಎರಡೂ ಕಡೆ ಇದ್ದಾರೆ, ಹೆಸರಿನಿಂದ ಏನೂ ತಿಳಿಯದು. ಲಿಂಗಾಯತನೆಂದರೆ ಕನ್ನಡಿಗ ಎನ್ನೋಣವೆ? ಕಪಿಲಧಾರದ ಮನ್ಮಥಸ್ವಾಮಿಗಳು ‘ಪರಮರಹಸ್ಯ’ ಬರೆದದ್ದು ಮರಾಠಿಯಲ್ಲಿ.

ಜನಗಣತಿಯ ನಿಯಮದ ಪ್ರಕಾರ, ಎಳೆತನದಲ್ಲಿ ತಾಯಿ ನಮ್ಮೊಡನೆ ಆಡಿದ ಮಾತೇ ಮಾತೃಭಾಷೆ. ಬಲ್ಲ ಬೇರೆ ಭಾಷೆಗಳನ್ನೂ ಎರಡರವರೆಗೆ ಬರೆದುಕೊಳ್ಳುತ್ತಾರೆ. ಆದರೆ ಆಮೇಲೆ ಎಲ್ಲರೂ ಜಗಳಕ್ಕೆ ಎತ್ತಿಕೊಳ್ಳುವುದು ಮೊದಲಿನದನ್ನೇ. ಕಾಸರಗೋಡಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಆ ಲೆಕ್ಕದಲ್ಲಿ ಕನ್ನಡದ ಮೊದಲ ರಾಷ್ಟ್ರಕವಿ ಕನ್ನಡದ ಕಲಮಿಗೇ ಬರುವುದಿಲ್ಲ!

ಇಂಥ ಗೊಂದಲ ನಮ್ಮಂಥ ಗಡಿಯವರಿಗೆ ಮಾತ್ರವೆಂದು ತಿಳಿದಿದ್ದೆ. ಇಂಗ್ಲೆಂಡಿನಲ್ಲಿ ನಡೆದದ್ದು ಇನ್ನೂ ಸೋಜಿಗದ್ದು. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 2011ರ ಗಣತಿಯಲ್ಲಿ ‘ನಾನು ಇಂಗ್ಲಿಷ್’ ಎಂದಷ್ಟೇ ಬರೆಸಿದವರು ನೂರಕ್ಕೆ 57.7, 2021ರಲ್ಲಿ 14.9. ‘ಬ್ರಿಟಿಷ್’ ಎಂದಷ್ಟೇ ಬರೆಸಿದವರು 19.1ರಿಂದ 54.8ಕ್ಕೆ ಏರಿದರು. ಯಾರೂ ದೇಶ ಬಿಟ್ಟು ಓಡಿರಲಿಲ್ಲ. ಇಂಗ್ಲೆಂಡಿನ ನಮೂನೆಯಲ್ಲಿ ‘ಬ್ರಿಟಿಷ್’ ಎಂಬುದನ್ನು ಎಲ್ಲಕ್ಕಿಂತ ಮೇಲಕ್ಕೆ ತಂದಿದ್ದರು. ಇಷ್ಟು ದೊಡ್ಡ ಪಲ್ಲಟದ ಹಿಂದೆ ಅದರ ಕೈವಾಡ ಸಣ್ಣದಲ್ಲ. ಇಂಗ್ಲಿಷ್‌ತನ ರಕ್ತದ್ದೋ, ಹುಟ್ಟಿ ಬೆಳೆದ ಯಾರಿಗಾದರೂ ಸಲ್ಲತಕ್ಕದ್ದೋ ಎಂದು ಅಲ್ಲಿಯವರು ಹೊಡೆದಾಡುವುದು ಇಂಥ ಅಂಕಿಗಳನ್ನು ಹಿಡಿದುಕೊಂಡೇ.

ಹಾಗೆಂದು ಕಲಮನ್ನು ಖಾಲಿ ಬಿಡುವಂತಿಲ್ಲ. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣ ಸಿಗುವಂತೆ ಏರ್ಪಾಡು ಮಾಡಬೇಕೆಂದು ಸಂವಿಧಾನದ 350-ಎ ವಿಧಿ ಹೇಳುತ್ತದೆ. ಅದು ಸೇರಿದ್ದೂ 1956ರಲ್ಲೇ. ‘ಮಕ್ಕಳು ಎಲ್ಲಿದ್ದಾರೆ?’ ಎಂದು ಸರ್ಕಾರ ಕೇಳಿದರೆ ತೋರಿಸಲು ಅಂಕಿ ಬೇಕು. ಆದ್ದರಿಂದ ನಾನು ಕನ್ನಡವೆಂದೇ ಬರೆಸುತ್ತೇನೆ, ರಕ್ತದ ಅಭಿಮಾನದಿಂದಲ್ಲ. ಖಾತೆಯಲ್ಲಿ ಇದ್ದದ್ದು ಇದ್ದಂತೆ ಜಮಾ ಆಗಲೆಂದು.

ನನ್ನ ಹೆಂಡತಿ ನಿಲಂಗಾ ಕಡೆಯವಳು, ತವರಿನ ಮಾತು ಮರಾಠಿ. ಮಕ್ಕಳಿಗೆ ಜೋಗುಳ ಹಾಡಿದ್ದೂ ಅದರಲ್ಲೇ. ಗಣತಿಯ ನಿಯಮ ಓದಿ ಹೇಳಿದೆ. ‘ಹಾಗಾದರೆ ಮಕ್ಕಳದು ಮರಾಠಿ’ ಎಂದಳು. ಹೌದು. ನಮ್ಮ ಮನೆಯ ಹಾಳೆಯಲ್ಲಿ ಕನ್ನಡಕ್ಕೆ ಒಂದು, ಮರಾಠಿಗೆ ಮೂರು.