ಖಡ್ಗದ ಶುದ್ಧಿ

ವಿಜಯನಗರದ ಅರಸರು ಹಂಪೆಯಲ್ಲಿ ಮಹಾನವಮಿಯನ್ನು ಮೆರೆಸಿದ ಈ ಸೀಮೆಯಲ್ಲಿ, ಹೊಸಪೇಟೆಯಿಂದ ಸಂಡೂರು, ಕಂಪ್ಲಿಗಳವರೆಗೆ, ಆಯುಧಪೂಜೆಯು ಇಂದಿಗೂ ನಡೆಯುತ್ತದೆ. ಮನೆಯಲ್ಲಿ ಪೂರ್ವಜರ ಖಡ್ಗವಿದ್ದರೆ ಅದಕ್ಕೂ ಹುಣಿಸೆಹುಳಿ, ಇಟ್ಟಿಗೆಪುಡಿಗಳ ಉಪಚಾರ. ಹೊಳಪು ಸಾಲದಿದ್ದರೆ ಸಾಣೆ. ಇದು ಶುದ್ಧಿಯೋ, ಹಿಂಸೆಯೋ?

ದಕ್ಷಿಣದೇಶದ ಹಳೆಯ ಉಕ್ಕಿನಲ್ಲಿ ನೀರಲೆಯಂತಹ ರೇಖೆಗಳಿರುವುದುಂಟು. ಅಲಗಿನ ಜಾತಿಯನ್ನು ಗುರುತಿಸಲು ಅವೇ ಸಾಕ್ಷಿ. ಸಾಣೆಯು ಅವನ್ನು ಮೇಲ್ಮೈಯಿಂದ ಅಳಿಸುವುದು. ಕೆತ್ತಿದ ಹೆಸರು ಸವೆದರಂತೂ ಮತ್ತೆ ಬಾರದು.

ಜಾವಾ ದ್ವೀಪದಲ್ಲಿಯೂ ಇಂತಹ ಶುದ್ಧಿಯುಂಟು. ಸೂರೋ ಮಾಸದಲ್ಲಿ ಕೆರಿಸ್ ಎಂಬ ಕಠಾರಿಯನ್ನು ನಿಂಬೆರಸದಲ್ಲಿ ತೊಳೆದು ಪಾಷಾಣವನ್ನು ಲೇಪಿಸುವರು. ಕಬ್ಬಿಣವು ಕಪ್ಪಾಗಿ, ನಿಕ್ಕಲ್ ಬೆಳ್ಳಗುಳಿದು, ಅಲಗಿನ ಚಿತ್ರವು ಸ್ಫುಟವಾಗುವುದು. ಅದರಿಂದಲೂ ಲೋಹವು ಕಿಂಚಿತ್ ಸವೆಯುವುದೆನ್ನಿ. ಆದರೂ ಗುರುತು ಉಳಿಯುತ್ತದೆ.

ಪೂಜಿಸುವ ಹಕ್ಕು ಮನೆಯವರದು. ಮಾಡಿದ ಕಮ್ಮಾರನ ಗುರುತನ್ನು ಅಳಿಸುವ ಹಕ್ಕು ಅವರಿಗುಂಟೆ? ಸಡಿಲಿದ ಹಿಡಿಯನ್ನು ಬಿಗಿಯಲಿ, ತುಕ್ಕೇರದಂತೆ ಎಣ್ಣೆ ಸವರಲಿ. ಕುಂಕುಮವನ್ನು ಒರೆಗಿಟ್ಟರೆ ದೇವಿಯು ಬೇಡವೆನ್ನಳು.