ಚರಂಡಿಯಿಂದೆದ್ದ ಕಿತ್ತಯ್ಯ

ಬೆಂಗಳೂರಿನ ಹೆಬ್ಬಾಳದಲ್ಲಿ ಕೆಲವು ವರ್ಷಗಳ ಹಿಂದೆ ಚರಂಡಿಗೆಂದು ಅಗೆಯುವಾಗ ಒಂದು ಕಲ್ಲು ಸಿಕ್ಕಿತು. ಮಣ್ಣು ತೊಳೆದು ನೋಡಿದರೆ ವೀರಗಲ್ಲು. ಗಂಗರ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು. ರಾಷ್ಟ್ರಕೂಟರ ದಂಡಿನೊಡನೆ ಕಾದಾಡಿ ಸತ್ತ ಕಿತ್ತಯ್ಯನ ನೆನಪಿಗೆ ನೆಟ್ಟದ್ದು. ಅದರಲ್ಲಿ ಊರಿನ ಹೆಸರು ಪೆರ್ಬೊಳಲು. ಹೆಬ್ಬಾಳವೆಂದರೆ ಮೇಲ್ಸೇತುವೆ, ಅದರ ಮೇಲೆ ಅಲ್ಲಾಡದೆ ನಿಂತ ವಾಹನಗಳು ಎಂದಷ್ಟೇ ತಿಳಿದಿದ್ದವರಿಗೆ ಊರಿಗಾಗಿ ಸತ್ತವನೊಬ್ಬ ಸಿಕ್ಕಿದ. ಸ್ಥಳೀಯರೂ ಶಾಸನಾಸಕ್ತರೂ ಸೇರಿ ಅವನ ಕಲ್ಲಿಗೊಂದು ಮಂಟಪ ಕಟ್ಟಿಸಿದರು.

ಬೆಂಗಳೂರು ಜಿಲ್ಲೆಯ ಇಂಥ ಶಾಸನಗಳನ್ನು ಶಾಸನತಜ್ಞ ಬಿ.ಎಲ್. ರೈಸ್ 1905ರಲ್ಲೇ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಒಂಬತ್ತನೆಯ ಸಂಪುಟವಾಗಿ ಅಚ್ಚು ಹಾಕಿಸಿದ್ದ. ಆ ಪುಸ್ತಕ ಹಿಡಿದು ಇಂದು ಊರೂರು ಸುತ್ತಿದರೆ ಕೆಲವು ಕಲ್ಲುಗಳು ಸಿಗುತ್ತವೆ, ಕೆಲವು ಸಿಗುವುದಿಲ್ಲ. ಸಿಗದವು ಯಾವ ಬಡಾವಣೆಯ ಬುನಾದಿಯಲ್ಲಿವೆಯೋ! 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿ ಈಗ ಇದೇ ಕಲ್ಲುಗಳನ್ನು ಹುಡುಕಿ ತ್ರೀಡಿ ಸ್ಕ್ಯಾನ್ ಮಾಡಿಸಿ ಇಡುತ್ತಿದೆ. ನಾಳೆ ಕಲ್ಲು ಒಡೆದರೂ ಅಕ್ಷರ ಉಳಿಯಲಿ ಎಂಬ ಮುಂದಾಲೋಚನೆ. ಆ ಕೆಲಸಕ್ಕೆ ನಮಸ್ಕಾರ. ಆದರೆ ಕಲ್ಲೇ ಉಳಿಯಬೇಕಾದರೆ ಅದಕ್ಕೆ ಬೀದಿಯಲ್ಲಿ ಯಾರಾದರೂ ಒಬ್ಬರು ದಿಕ್ಕಿರಬೇಕು.

ದಾನ ಕೊಟ್ಟು ಅದನ್ನು ಕಲ್ಲಿನಲ್ಲಿ ಬರೆಸಿದವರು ಅಳುಕಿನಿಂದಲೇ ಬರೆಸಿದ್ದರೆಂದು ಕಾಣುತ್ತದೆ. ಈ ದಾನವನ್ನು ಅಳಿಸಿದವನು ಗಂಗೆಯ ತಡಿಯಲ್ಲಿ ಕವಿಲೆಯ ಕೊಂದ ಪಾಪಕ್ಕೆ ಹೋಗಲೆಂದು ಕೊನೆಯಲ್ಲಿ ಶಾಪ ಕೆತ್ತಿಸಿದರು. ಆದರೆ ಜೆಸಿಬಿಗೆ ಹಳಗನ್ನಡ ಬಾರದು. ನಿಧಿ ಹುಡುಕುವವರಿಗಂತೂ ಶಾಸನ ಕಂಡರೆ ಕೆಳಗೆ ಕೊಪ್ಪರಿಗೆಯೇ ಕಾಣುತ್ತದೆ. ರಾತ್ರೋರಾತ್ರಿ ಅಗೆದು ಕಲ್ಲನ್ನು ಮಗ್ಗುಲಿಗೆ ಕೆಡವಿ ಹೋಗುತ್ತಾರೆ.

ಸಂರಕ್ಷಣೆಯ ಫಲಕಕ್ಕಿಂತ ಅರಿಶಿನ ಕುಂಕುಮವೇ ಹೆಚ್ಚು ಕಲ್ಲುಗಳನ್ನು ಕಾಪಾಡಿದೆ ಎಂಬುದು ನನ್ನ ಎಣಿಕೆ. ಎಣ್ಣೆ ಮೆತ್ತಿ ಮೆತ್ತಿ ಅಕ್ಷರ ಮುಚ್ಚಿಹೋಗುತ್ತದೆ, ನಿಜ. ಬಣ್ಣ ಬಳಿಯುವವರೂ ಇದ್ದಾರೆ, ಅವರಿಗೆ ಕೈಮುಗಿದೇ ಬೇಡವೆನ್ನಬೇಕು. ಆದರೂ ಪೂಜೆಯ ಕಲ್ಲನ್ನು ಯಾರೂ ಬಟ್ಟೆ ಒಗೆಯಲು ಒಯ್ಯುವುದಿಲ್ಲ.

ಒಮ್ಮೆ ಗೆಳೆಯರ ಜೊತೆ ಶಾಸನದ ಪಡಿಯಚ್ಚು ತೆಗೆಯುವುದನ್ನು ನೋಡಲು ಹೋಗಿದ್ದೆ. ಬೇವಿನ ಮರದ ಬುಡದಲ್ಲಿ ಅರ್ಧ ಹೂತಿದ್ದ ಕಲ್ಲು. ನೀರು ಹಾಕಿ ಮೆತ್ತಗೆ ಉಜ್ಜಿ, ಒದ್ದೆ ಕಾಗದ ಅಂಟಿಸಿ, ಬ್ರಷ್ಷಿನಿಂದ ತಟ್ಟುತ್ತ ಹೋದರು. ಕಾಗದ ಅಕ್ಷರದ ಗುಳಿಗಳಿಗೆ ಇಳಿಯಿತು. ಅದರ ಮೇಲೆ ಮಸಿಯ ಗಂಟು ಒತ್ತಿದಾಗ ಕಪ್ಪಿನ ನಡುವೆ ಬೆಳ್ಳಗೆ ಒಂದೊಂದೇ ಸಾಲು ಎದ್ದಿತು. ಅಷ್ಟು ಹೊತ್ತೂ ಒಬ್ಬ ಅಜ್ಜಿ ಹೂವಿನ ಬುಟ್ಟಿ ಹಿಡಿದು ನಿಂತಿದ್ದರು.

"ನಮ್ ವೀರಣ್ಣಂಗೆ ಏನ್ ಮಾಡ್ತಿದ್ದೀರಪ್ಪಾ?"

"ಏನೂ ಮಾಡಲ್ಲ ಅಜ್ಜಿ, ಓದ್ತಿದ್ದೀವಿ ಅಷ್ಟೆ."

ಓದಿದಾಗ ಅದು ವೀರನ ಕಲ್ಲಲ್ಲ. ಕೆರೆ ಕಟ್ಟಿಸಿದವನಿಗೆ ಗದ್ದೆ ಬಿಟ್ಟುಕೊಟ್ಟ ಕೊಡಗೆಯ ಕಲ್ಲು. ಹೇಳುವುದೋ ಬೇಡವೋ ಎಂದು ನಾವು ಮುಖಮುಖ ನೋಡಿಕೊಂಡೆವು. ಕೊನೆಗೆ ಗೆಳೆಯ ಹೇಳಿಯೇಬಿಟ್ಟ. ಅಜ್ಜಿಗೆ ಬೇಸರವೇನೂ ಆದಂತೆ ಕಾಣಲಿಲ್ಲ. ಬುಟ್ಟಿ ಕೆಳಗಿಟ್ಟು, ಸೆರಗಿನಿಂದ ಕಲ್ಲಿನ ಮೇಲಿನ ನೀರು ಒರೆಸಿ, ಎಂದಿನಂತೆ ಎರಡು ಸೇವಂತಿಗೆ ಇಟ್ಟರು.

"ಕೆರೇದಾ? ಹಂಗಾದ್ರೆ ಅದೇ ಇರ್ಬೇಕು ಬಿಡಿ. ಮದ್ವೆಯಾಗಿ ಬಂದಾಗ ನಾನು ಬಟ್ಟೆ ಒಗೀತಿದ್ದಿದ್ದು ಅಲ್ಲೇ" ಎಂದು ಬಸ್ ನಿಲ್ದಾಣದ ಕಡೆ ಕೈ ತೋರಿಸಿದರು.