ಐಬು

ಬಿಕ್ಕೋಡಿನಲ್ಲಿ ನನ್ನ ಅಕ್ಕನ ಮಗನದೊಂದು ಪುಟ್ಟ ಕಂಪ್ಯೂಟರ್ ರಿಪೇರಿ ಅಂಗಡಿಯಿದೆ. ಬೇಲೂರಿಗೆ ಹೋಗಿಬರುವಾಗ ಅಲ್ಲಿ ಕುಳಿತು ಒಂದು ಲೋಟ ಚಹಾ ಕುಡಿಯುವುದು ನನ್ನ ರೂಢಿ. ಕಳೆದ ಮಳೆಗಾಲದ ಒಂದು ಸಂಜೆ ಹೋದಾಗ ಅವನು ಮೇಜಿನ ದೀಪವನ್ನು ಓರೆಯಾಗಿಸಿ, ಕೈಯಲ್ಲಿ ಭೂತಗನ್ನಡಿ ಹಿಡಿದು, ಒಂದು ಮದರ್‌ಬೋರ್ಡಿನ ಮೇಲೆ ಬಾಗಿ ಕುಳಿತಿದ್ದ. ನನ್ನ ಸಲಾಮಿಗೆ ಉತ್ತರ ಬಂತು, ತಲೆ ಮಾತ್ರ ಮೇಲೇಳಲಿಲ್ಲ.

ಹತ್ತಿರದ ಕಾಫಿ ತೋಟದ ರೈಟರೊಬ್ಬರು ಇಂಜಿನಿಯರಿಂಗ್ ಓದುತ್ತಿರುವ ಮಗಳಿಗೆಂದು ಕಂಪ್ಯೂಟರ್ ಜೋಡಿಸಿಕೊಡಲು ಹೇಳಿದ್ದರು. ಬಿಡಿಭಾಗಗಳು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಿಂದ ಪಾರ್ಸೆಲ್ ಬಂದಿದ್ದವು. ಜೋಡಿಸಿ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ಹುಡುಗ ಮೆಮೊರಿ ಬದಲಾಯಿಸಿದ, ಪವರ್ ಸಪ್ಲೈ ಬದಲಾಯಿಸಿದ. ಕೊನೆಗೆ ಪ್ರೊಸೆಸರನ್ನೇ ಎತ್ತಿ ನೋಡಿದರೆ ಸಾಕೆಟ್ಟಿನ ಮೂಲೆಯಲ್ಲಿ ಮೂರು ಪಿನ್ನುಗಳು ಬಗ್ಗಿ ಮಲಗಿವೆ.

ಹಿಂದೆ ಈ ಪಿನ್ನುಗಳು ಪ್ರೊಸೆಸರಿನ ಅಡಿಯಲ್ಲೇ ಇರುತ್ತಿದ್ದವಂತೆ. 2004ರಲ್ಲಿ ಇಂಟೆಲ್ ಕಂಪೆನಿ 775 ಪಿನ್ನುಗಳ ಸಾಕೆಟ್ ತಂದು ಅವನ್ನು ಮದರ್‌ಬೋರ್ಡಿಗೆ ವರ್ಗಾಯಿಸಿತು. ಎಎಂಡಿ ಕಂಪೆನಿ ಮನೆಬಳಕೆಯ ಸಾಮಾನ್ಯ ಪ್ರೊಸೆಸರುಗಳಲ್ಲಿ ಅದೇ ದಾರಿ ಹಿಡಿದದ್ದು 2022ರಲ್ಲಿ. ಇಂಟೆಲ್‌ನ 2021ರ ಸಾಕೆಟ್ಟಿನಲ್ಲಿ 1700 ಪಿನ್ನುಗಳಿವೆ. ಕೂದಲೆಳೆಯಂಥ ಇವುಗಳಲ್ಲಿ ಕೆಲವು ವಿದ್ಯುತ್ತನ್ನು ಒಯ್ಯುತ್ತವೆ, ಕೆಲವು ಪ್ರೊಸೆಸರಿಗೂ ಮೆಮೊರಿಗೂ ಸಂಪರ್ಕ ಕಲ್ಪಿಸುತ್ತವೆ. ಒಂದು ಬಗ್ಗಿದರೆ ಯಂತ್ರ ಏಳದೇ ಹೋಗಬಹುದು, ಎರಡು ಮೆಮೊರಿಯಲ್ಲಿ ಒಂದೇ ಕಾಣಿಸಬಹುದು, ಪಕ್ಕದ ಪಿನ್ನಿಗೆ ತಗುಲಿ ಪ್ರೊಸೆಸರೇ ಸುಟ್ಟುಹೋಗಬಹುದು. ಏನೂ ಆಗದೆಯೂ ಇರಬಹುದು.

"ಬಂದಾಗಲೇ ಹೀಗಿತ್ತು ಅಂತ ವಾಪಸು ಕಳಿಸಲಾ ಮಾಮೂ?" ಎಂದು ಕೇಳಿದ.

"ಬಂದಾಗಲೇ ಹೀಗಿತ್ತಾ?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಗೊತ್ತಿಲ್ಲ. ಪ್ರೊಸೆಸರ್ ಕೂರಿಸುವಾಗ ನನ್ನ ಕೈ ಒಮ್ಮೆ ಜಾರಿದ ಹಾಗಾಯಿತು. ಅದಕ್ಕೂ ಮುಂಚೆ ನಾನು ಸಾಕೆಟ್ಟನ್ನು ಸರಿಯಾಗಿ ನೋಡಿರಲಿಲ್ಲ."

ಇಲ್ಲಿಂದ ನಮ್ಮ ಚರ್ಚೆ ಶುರುವಾಯಿತು. ಬಗ್ಗಿದ ಪಿನ್ನು ಸಾಮಾನ್ಯವಾಗಿ ವಾರಂಟಿಗೆ ಸೇರುವುದಿಲ್ಲ. ಅದು ಬಳಸಿದವನ ಕೈತಪ್ಪು ಎಂದು ಕಂಪೆನಿಗಳು ಮೊದಲೇ ತೀರ್ಮಾನಿಸಿಬಿಟ್ಟಿರುತ್ತವೆ. ಸತ್ಯ ಹೇಳಿದವನಿಗೆ ನಷ್ಟ ಖಚಿತ. ಧೈರ್ಯವಾಗಿ ಸುಳ್ಳು ಹೇಳಿದವನಿಗೆ ಒಂದು ಅವಕಾಶವಾದರೂ ಉಂಟು. ಇಂಥ ನಿಯಮ ಜನರನ್ನು ಸುಳ್ಳಿನ ಕಡೆಗೆ ತಳ್ಳುತ್ತದೆ ಎಂಬ ಅವನ ಸಿಟ್ಟಿನಲ್ಲಿ ನ್ಯಾಯವಿತ್ತು. ಸರಪಳಿಯ ಕೊನೆಯಲ್ಲಿರುವ ಚಿಕ್ಕ ಅಂಗಡಿಯವನೇ ಏಕೆ ಹೊರೆ ಹೊರಬೇಕು?

ಆದರೆ ಅವನ ಎರಡನೆಯ ಮಾತು ನನ್ನನ್ನು ಹೆಚ್ಚು ಕಾಡಿತು. "ಹಾಗಾದರೆ ನಾನೇ ನೆಟ್ಟಗೆ ಮಾಡುತ್ತೇನೆ. ಓಡಿದರೆ ಐಬೆಲ್ಲಿ ಉಳಿಯಿತು? ರೈಟರಿಗೆ ಹೇಳುವ ಅಗತ್ಯವೇನು?"

ಐಬು. ನಾನು ಉರ್ದು ಶಾಲೆಯಲ್ಲಿ ಕಲಿತ ಈ ಅರಬಿ ಪದವನ್ನು ಕನ್ನಡ ಎಂದೋ ತನ್ನದಾಗಿಸಿಕೊಂಡಿದೆ. ದನ ಕೊಳ್ಳುವ ನಮ್ಮೂರ ರೈತರೂ "ಏನಾದರೂ ಐಬಿದೆಯೇ?" ಎಂದೇ ಕೇಳುತ್ತಾರೆ. ಮಾಲಿನಲ್ಲಿ ಮುಚ್ಚಿಟ್ಟ ಐಬು ಕಂಡರೆ ಅದನ್ನು ಹಿಂದಿರುಗಿಸುವ ಹಕ್ಕು ಕೊಂಡವನಿಗಿದೆ ಎನ್ನುತ್ತದೆ ಇಸ್ಲಾಮಿನ ವ್ಯಾಪಾರ ನಿಯಮ.

ಪ್ರವಾದಿ ಮುಹಮ್ಮದ್(ಸ)ರವರು ಮದೀನಾದ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟ ಪ್ರಸಂಗ ನಮಗೆಲ್ಲ ಗೊತ್ತು. ಬೆರಳು ಒದ್ದೆಯಾಯಿತು. ಮಳೆಗೆ ನೆನೆಯಿತು ಎಂದ ವ್ಯಾಪಾರಿ. ಎಷ್ಟೋ ಸಲ ಕೇಳಿದ್ದ ಈ ಪ್ರಸಂಗದಲ್ಲಿ ನಾನು ಗಮನಿಸದೇ ಬಿಟ್ಟಿದ್ದ ಒಂದು ಅಂಶ ಅಂದು ಹೊಳೆಯಿತು. ಧಾನ್ಯ ನೆನೆಸಿದ್ದು ಆ ವ್ಯಾಪಾರಿಯಲ್ಲ, ಮಳೆ. ಪ್ರವಾದಿಯವರು ಅದನ್ನು ಅಲ್ಲಗಳೆಯಲೂ ಇಲ್ಲ. ಅವರು ಕೇಳಿದ್ದು ಇಷ್ಟೇ: ಒದ್ದೆಯಾದದ್ದು ಜನರಿಗೆ ಕಾಣುವಂತೆ ಮೇಲೇಕೆ ಇರಲಿಲ್ಲ? ಮೆಣಸು, ಕಾಫಿ ಮಾರುವ ನಮ್ಮ ಮಲೆನಾಡಿನವರಿಗೆ ಈ ಪ್ರಶ್ನೆ ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಎಲ್ಲರ ಚೀಲದ ಮೇಲೂ ಬೀಳುತ್ತದೆ.

ಬೇಲೂರಿನ ಕಪ್ಪೆ ಚೆನ್ನಿಗರಾಯನ ಐತಿಹ್ಯದಲ್ಲೂ ಇದೇ ಎಳೆಯಿದೆ. ವಿಗ್ರಹಕ್ಕೆ ಬಳಿದ ಗಂಧ ಎಲ್ಲೆಡೆ ಒಣಗಿ ಹೊಕ್ಕುಳ ಬಳಿ ಮಾತ್ರ ಹಸಿಯಾಗಿ ಉಳಿಯಿತು, ಅಲ್ಲಿ ಕಲ್ಲೊಳಗೆ ಕಪ್ಪೆಯಿತ್ತು ಎನ್ನುತ್ತಾರೆ. ಅದನ್ನು ಅಲ್ಲಿಟ್ಟವನು ಜಕಣಾಚಾರಿಯಲ್ಲ. ಆದರೂ ದೋಷ ತೋರಿದ ಮೇಲೆ ಅವನು ತನ್ನ ಕೈಯನ್ನೇ ಕಡಿದುಕೊಂಡನಂತೆ. ನಮ್ಮಿಂದ ಯಾರೂ ಕೈ ಕೇಳುತ್ತಿಲ್ಲ, ಒಂದು ಮಾತು ಕೇಳುತ್ತಿದ್ದಾರೆ.

ನಾವು ಪಾಪವನ್ನು ಮಾಡಿದವನ ಲೆಕ್ಕಕ್ಕೆ ಬರೆದು ನೆಮ್ಮದಿಯಾಗಿರುತ್ತೇವೆ. ಪಿನ್ನು ಬಗ್ಗಿಸಿದ್ದು ಕಾರ್ಖಾನೆಯೋ ಪಾರ್ಸೆಲ್ಲೋ ಹುಡುಗನ ಬೆರಳೋ, ಅದು ಅಲ್ಲಾಹನಿಗೇ ಗೊತ್ತು. ಬಗ್ಗಿದ್ದನ್ನು ನೋಡಿದವನು ಯಾರು ಎಂಬುದು ಮಾತ್ರ ಸ್ಪಷ್ಟ. ತಪ್ಪು ಯಾರದೆಂದು ತಿಳಿಯದಿದ್ದರೂ ಹೇಳುವ ಹೊಣೆ ನೋಡಿದವನ ಮೇಲಿದೆ. "ನನಗೆ ಗೊತ್ತಿಲ್ಲ" ಎಂಬುದೂ ಹೇಳಬೇಕಾದ ಸತ್ಯದ ಒಂದು ಭಾಗವೇ.

ಆ ರಾತ್ರಿ ಅವನು ಸೂಜಿ, ಚಿಮಟ ಹಿಡಿದು ಕುಳಿತ. ಒಮ್ಮೆಲೇ ಎಳೆಯಬಾರದು, ಸ್ವಲ್ಪ ಸ್ವಲ್ಪವಾಗಿ ಎತ್ತಿ, ಪ್ರತಿ ಸಲ ಓರೆ ಬೆಳಕಿನಲ್ಲಿ ಸಾಲು ಕೂಡುತ್ತದೆಯೇ ಎಂದು ನೋಡಬೇಕು. ಮತ್ತೆ ಮತ್ತೆ ಬಗ್ಗಿಸಿದರೆ ಲೋಹ ಸೋತು ಮುರಿಯುತ್ತದೆ. ಎರಡು ಗಂಟೆಯ ಮೇಲೆ ಪರದೆ ಬೆಳಗಿತು, ಎರಡೂ ಮೆಮೊರಿ ಕಾಣಿಸಿದವು. ಹುಡುಗನ ಮುಖವೂ ಬೆಳಗಿತು. ನಾನು ಮತ್ತೇನೂ ಹೇಳಲಿಲ್ಲ.

ಮರುದಿನ ಅವನಾಗಿಯೇ ರೈಟರಿಗೆ ಎಲ್ಲವನ್ನೂ ಹೇಳಿದನಂತೆ. "ಎಷ್ಟು ವರ್ಷ ಬಾಳುತ್ತದೆ?" ಎಂದು ಅವರು ಕೇಳಿದರು. "ಗೊತ್ತಿಲ್ಲ ಸಾರ್" ಎಂದ. ಅವರು ಒಂದು ದಿನ ಯೋಚಿಸಿ, ಬೇರೆ ಬೋರ್ಡೇ ಇರಲಿ ಎಂದರು. ಪ್ರಾಮಾಣಿಕತೆಗೆ ಮೆಚ್ಚಿ ಹೆಚ್ಚು ದುಡ್ಡು ಕೊಡುವುದು ಕಥೆಗಳಲ್ಲಿ. ನಾನೂ ಅಂಥ ಒಂದೆರಡು ಕಥೆ ಬರೆದಿದ್ದೇನೆ. ಇಲ್ಲಿ ಹೊಸ ಬೋರ್ಡಿನ ಖರ್ಚು ಹುಡುಗನ ತಲೆಗೇ ಬಂತು.

ಮೊನ್ನೆ ಹೋದಾಗ ಕೊರಿಯರಿನ ಹುಡುಗನನ್ನು ನಿಲ್ಲಿಸಿಕೊಂಡು, ಪೆಟ್ಟಿಗೆ ತೆರೆದು, ಪ್ಲಾಸ್ಟಿಕ್ ಮುಚ್ಚಳ ಎತ್ತಿ ಸಾಕೆಟ್ಟಿನ ಫೋಟೋ ತೆಗೆಯುತ್ತಿದ್ದ. ಮುಚ್ಚಳವನ್ನು ಜೋಪಾನವಾಗಿ ಎತ್ತಿಟ್ಟ. ನೆಟ್ಟಗೆ ಮಾಡಿದ ಆ ಬೋರ್ಡು ಈಗ ಅವನ ಅಂಗಡಿಯ ಬಿಲ್ಲು ಮಾಡುವ ಕಂಪ್ಯೂಟರಿನಲ್ಲಿದೆ. "ಓಡುತ್ತಿದೆಯಾ?" ಎಂದೆ.

"ಇವತ್ತಿನವರೆಗೆ ಓಡುತ್ತಿದೆ ಮಾಮೂ" ಎಂದ.